ಇಳಕಲ್ ಸೀರೆ ರೇಟ್ ಇಳಿದ್ರ ಗೊತ್ತಾಗೂದು ಹೆಂಗ ಅಂದವ್ರಿಗೆ

“ಪುಣೆ ಕೋಥ್ರೂಡ್‌ನಾಗ ಇದ್ದೀನಿ, ಅಮೆಜಾನ್ ಮತ್ತ ಕೈಕೆಲಸದ ಸಾಮಾನು ಮಾರೂ ಎಟ್ಸಿ ಸೈಟ್, ಎರಡೂ ಕಡೆ ಕೈಮಗ್ಗದ ಇಳಕಲ್ ಸೀರೆ ನೋಡಿಟ್ಟೀನಿ, ರೇಟ್ ಇಳಿದ್ರ ಅಲರ್ಟ್ ಬರೂಹಂಗ ಮಾಡೂದು ಹೆಂಗ” ಅಂತ ಕೇಳೀರಲ್ರಿ, ಅಮೆಜಾನ್‌ದಾದ್ರ ಕೀಪಾ ಅನ್ನೂ ರೇಟ್ ನೋಡೂ ಆ್ಯಪ್ ಹಾಕ್ಕೊಳ್ರಿ, ಹಳೇ ರೇಟಿನ ಗ್ರಾಫ್ ತೋರಿಸ್ತದ, ನೀವು ಇಟ್ಟ ರೇಟಿಗೆ ಬಂದ್ರ ಮೆಸೇಜೂ ಬರ್ತದ. ಗೆರಿ ಹೊಡೆದು ತೋರ್ಸೂ ಎಂಆರ್‌ಪಿ ನಂಬಬ್ಯಾಡ್ರಿ.

ಆದ್ರ ಕೈಮಗ್ಗದ್ದು ಭಾಳ ಸಲ ಒಂದೇ ಪೀಸ್ ಇರ್ತದ, ಅದು ಮಾರಿಹೋದ್ರ ಅಲರ್ಟ್ ಇಟ್ಟು ಏನ್ ಉಪಯೋಗ, ಅದಕ್ಕ ಎಟ್ಸಿಯೊಳಗ ಸೀರೆಗೆ ಹಾರ್ಟ್ ಒತ್ತಿ ಅಂಗಡೀನೂ ಫಾಲೋ ಮಾಡ್ರಿ, ಹಾರ್ಟ್ ಒತ್ತಿದವ್ರಿಗೆ ಮಾರೋರು ಡಿಸ್ಕೌಂಟ್ ಕಳಸಬಹುದು.

ರೇಟ್ ಒಮ್ಮೆಲೇ ಅರ್ಧಕ್ಕ ಬಿತ್ತಂದ್ರ ಮಾತ್ರ ಗಡಬಡಿ ಮಾಡಬ್ಯಾಡ್ರಿ, ನಕಲಿ ಇದ್ದೀತು. ಒಡಲು, ಸೆರಗು ಕೂಡೂ ಜಾಗದ ಫೋಟೋ ಹಿಂದಿನ ಬದಿಯಿಂದ ತಗದು ಕಳಸ್ರಿ ಅಂತ ಕೇಳ್ರಿ, ಒಡಲಿನ ಹಾಸು ಎಳಿಗೆ, ಅಂದ್ರ ಉದ್ದಕ್ಕ ಹೋಗೂ ದಾರಕ್ಕ, ಸೆರಗಿನ ಹಾಸು ಎಳಿ ಕೊಂಡಿ ಹಾಕಿ ಕೂಡಿಸಿದ್ದು ಸಾಲಾಗಿ ಕಾಣಬೇಕು. ಪುಣೆಯ ಲಕ್ಷ್ಮೀ ರೋಡಿನ ಸೀರೆ ಅಂಗಡಿಗೆ ಹೋಗಿ ಒಂದ್ಸಲ ಕೈಯಾಗ ಹಿಡಿದು ನೋಡಿಬರ್ರಿ, ಕಣ್ಣು ಪಳಗ್ತದ. ನೇಕಾರರೇ ಅಂಗಡಿ ಇಟ್ಟಿದ್ರ ನಾನಂತೂ ರೇಟ್ ಇಳಿಯೂತನಕ ಕಾಯಂಗಿಲ್ಲ, ಹೇಳಿದ್ದು ಕೊಟ್ಟು ತಗೊಂತೀನಿ, ಎಳಿ ಎಳಿಗೆ ಕೊಂಡಿ ಹಾಕೂ ಕೆಲಸ ಅದು, ಕಮ್ಮಿ ಕೇಳಾಕ ಮನಸ್ಸು ಬರಂಗಿಲ್ಲ.