ಸಹಿ ಇದ್ದರೂ ಬೀದಿ ಹೆಸರಿನ ಅರ್ಜಿ ವಾಪಸ್ ಯಾಕೆ?

ಬೀದಿಗೆ ಹೋರಾಟಗಾರರೊಬ್ಬರ ಹೆಸರಿಡಿ ಅಂತ ಇನ್ನೂರು ಸಹಿ ಕೊಟ್ಟರೂ ನಗರಸಭೆ ಒಪ್ಪಲಿಲ್ಲ ಅಂದಿದ್ದೀರಿ. ವಿಳಾಸದ ತಲೆನೋವೇ ಕಾರಣ ಇರಬೇಕು, ಆ ಹೋರಾಟಗಾರರ ಮೇಲೆ ಯಾರಿಗೂ ಸಿಟ್ಟಿರಲಿಕ್ಕಿಲ್ಲ. ಆ ಸಹಿಗಳಲ್ಲಿ ಅದೇ ಬೀದಿಯವರು ಎಷ್ಟು ಮಂದಿ? ನಾವು ಹಾಕಿದ್ದ ಇಂಥದ್ದೇ ಮೊದಲ ಅರ್ಜಿ ಬಿದ್ದುಹೋಗಿದ್ದೂ ಇಲ್ಲೇ. ಹೆಸರು ಬದಲಾದರೆ ಗುರುತಿನ ಚೀಟಿ, ಬ್ಯಾಂಕ್ ಖಾತೆ, ಅಂಗಡಿ ಬೋರ್ಡು ಎಲ್ಲ ತಿದ್ದಿಸಬೇಕು, ಯಾರಿಗೆ ಬೇಕು ಅಲ್ವಾ?

ಮೊದಲು ಬೇಡಿಕೆಯನ್ನೇ ಬದಲಿಸಿ. ಹಳೆ ಹೆಸರು ಹಾಗೇ ಇರಲಿ, ಬೀದಿ ಹೆಸರಿನ ಅದೇ ಕಂಬಕ್ಕೆ ಗೌರವದ ಎರಡನೇ ಫಲಕ ಹಾಕಿ ಅಂತ ಕೇಳಿ. ವಾಷಿಂಗ್ಟನ್‌ನಲ್ಲಿ 2018ರಲ್ಲಿ ರಷ್ಯಾ ರಾಯಭಾರ ಕಚೇರಿ ಎದುರು, ಕೊಲೆಯಾದ ರಷ್ಯಾದ ವಿರೋಧ ಪಕ್ಷದ ನಾಯಕ ಬೋರಿಸ್ ನೆಮ್ಟ್ಸೊವ್ ಹೆಸರಿಟ್ಟಿದ್ದು ಹೀಗೆಯೇ, ಕಚೇರಿಯ ವಿಳಾಸ ಇವತ್ತಿಗೂ ವಿಸ್ಕಾನ್ಸಿನ್ ಅವೆನ್ಯೂ. ಇದು ಬೇಡ, ಪೂರ್ತಿ ಹೆಸರೇ ಬದಲಾಗಬೇಕು ಅಂದ್ರೆ ಮನೆಬಾಗಿಲು ಇಲ್ಲದ ಜಾಗ ಹುಡುಕಿ: ಸೇತುವೆ, ಚೌಕ, ಕಾಲುದಾರಿ. ಪ್ರಾಗ್ ನಗರ 2020ರಲ್ಲಿ ಒಂದು ಚೌಕಕ್ಕೆ ನೆಮ್ಟ್ಸೊವ್ ಹೆಸರಿಟ್ಟಾಗ, ಪಕ್ಕದ ಪಾರ್ಕಿನ ಕಾಲುದಾರಿಗೆ ರಷ್ಯಾದ ಪತ್ರಕರ್ತೆ ಅನ್ನಾ ಪೊಲಿಟ್ಕೊವ್ಸ್ಕಯಾ ಹೆಸರು ಕೊಟ್ಟಿತು.

ಆಮೇಲೆ ನಗರಸಭೆಯಲ್ಲಿ ನಾಮಕರಣದ ನಿಯಮದ ಪ್ರತಿ ಕೇಳಿ ತಗೊಳ್ಳಿ. ವ್ಯಕ್ತಿ ತೀರಿಕೊಂಡು ಇಷ್ಟು ವರ್ಷ ಆಗಿರಬೇಕು ಅನ್ನುವ ಷರತ್ತು ಕೆಲವು ಕಡೆ ಇರುತ್ತೆ, ನಿಮ್ಮಲ್ಲಿ ಹೇಗೋ ನೋಡಿಕೊಳ್ಳಿ. ಅವರ ಮನೆಯವರ ಒಪ್ಪಿಗೆ ಪತ್ರವನ್ನೂ ಮೊದಲೇ ತನ್ನಿ, ನಾವು ಇದನ್ನ ಮರೆತು ಒಂದು ಸಭೆ ಸುಮ್ನೆ ಕಳೆದುಕೊಂಡೆವು.

ಇಷ್ಟಾದ ಮೇಲೆ ಆ ಬೀದಿಯಲ್ಲಷ್ಟೇ ಮನೆಮನೆಗೆ ಹೋಗಿ. ವಿಳಾಸ ಬದಲಾಗಲ್ಲ ಅನ್ನೋದನ್ನ ಹಂಚುವ ಚೀಟಿಯ ಮೊದಲ ಸಾಲಲ್ಲೇ ದಪ್ಪಕ್ಷರದಲ್ಲಿ ಬರೆದಿರಲಿ. ಆ ಸಹಿಗಳನ್ನು ಬೇರೆ ಹಾಳೆಯಲ್ಲಿ ಮನೆ ನಂಬರ್ ಸಮೇತ ಜೋಡಿಸಿ, ವಾರ್ಡ್ ಸದಸ್ಯರ ಕೈಯಿಂದಲೇ ಠರಾವು ಮಂಡಿಸಿ.