ಧ್ರುವದ ಕಡಲಮಂಜು ಕರಗುವುದು ತಡವೇಕೆ?

ಪ್ರಶ್ನೆ: ಉತ್ತರ ಧ್ರುವದಲ್ಲಿ ಬಿಸಿಲು ಹೆಚ್ಚಿರುವುದು ಜೂನ್‌ನಲ್ಲಿ, ಆದರೂ ಸಮುದ್ರದ ಮಂಜುಗಡ್ಡೆ ಸೆಪ್ಟೆಂಬರ್‌ನಲ್ಲಿ ಅತಿ ಕಡಿಮೆಯಾಗುವುದೇಕೆ?
– ಓದುಗರೊಬ್ಬರು, ಕಾರವಾರ

ಉತ್ತರ: ನಿಮ್ಮೂರಿನ ಬೈತಖೋಲ ಬಂದರಿನಲ್ಲಿ ಸೂರ್ಯ ನೆತ್ತಿ ದಾಟಿದ ಮೇಲೆಯೇ ಸೆಖೆ ಏರುವಂತೆ, ಉತ್ತರ ಧ್ರುವದಲ್ಲಿಯೂ ಸೂರ್ಯ ಇಳಿಮುಖವಾದರೂ ನೀರು ಪಡೆಯುವ ಶಾಖ ಕಳೆದುಕೊಳ್ಳುವುದಕ್ಕಿಂತ ಹೆಚ್ಚೇ ಇರುವವರೆಗೆ ಕರಗುವಿಕೆ ಮುಂದುವರಿಯುತ್ತದೆ. ಬಿಳಿ ಮಂಜು ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ. ಅದು ಸರಿದಲ್ಲಿ ತೆರೆದುಕೊಳ್ಳುವ ಕಪ್ಪು ನೀರು ಅದೇ ಬಿಸಿಲನ್ನು ಹೀರಿ, ಉಳಿದ ಮಂಜನ್ನೂ ಅಂಚಿನಿಂದ ಕರಗಿಸುತ್ತದೆ. ಹೀಗೆ ಮಾರ್ಚ್‌ನಲ್ಲಿ ಸುಮಾರು 1.5 ಕೋಟಿ ಚದರ ಕಿಲೋಮೀಟರ್ ಇದ್ದ ಹರವು 2012ರ ಸೆಪ್ಟೆಂಬರ್‌ನಲ್ಲಿ ಸುಮಾರು 34 ಲಕ್ಷಕ್ಕೆ ಕುಗ್ಗಿತ್ತು. ದಕ್ಷಿಣ ಧ್ರುವದಲ್ಲಿ ಲೆಕ್ಕ ತಿರುವುಮುರುವು: ಅಲ್ಲಿ ಫೆಬ್ರವರಿಯೇ ಕನಿಷ್ಠ. ಅಂದಹಾಗೆ, ತೇಲುವ ಈ ಮಂಜು ಕರಗಿದ ಮಾತ್ರಕ್ಕೆ ನಿಮ್ಮ ಕಡಲತೀರದ ನೀರಿನ ಮಟ್ಟ ಹೇಳಿಕೊಳ್ಳುವಷ್ಟು ಏರುವುದಿಲ್ಲ.