ಹೂಂ ಅನ್ನುವವರು ಬೇಕು

ಸಂಪಾದಕರಿಗೆ ನಮಸ್ಕಾರ. ಹೋದ ಸಂಚಿಕೆಯಲ್ಲಿ ನೀವು ಮೊಬೈಲನ್ನು 'ಕಿಸೆಯೊಳಗಿನ ಪೀಡೆ' ಎಂದು ಬರೆದಿರಿ. ನಾನು ಒಪ್ಪುವುದಿಲ್ಲ. ನನಗೆ ಈಗ 68 ವರ್ಷ. ಯಜಮಾನರು ತೀರಿಕೊಂಡರು. ಮಗ, ಸೊಸೆ, ಮೊಮ್ಮಗಳು ಪುಣೆಯಲ್ಲಿದ್ದಾರೆ. ರಾತ್ರಿ ಒಂಬತ್ತಕ್ಕೆ ಮೊಮ್ಮಗಳು ವಿಡಿಯೋ ಕಾಲ್ ಮಾಡುತ್ತಾಳೆ. ನಾನು ಇಲ್ಲಿ ಕೂತು ಕಥೆ ಹೇಳುತ್ತೇನೆ, ಅವಳು ಅಲ್ಲಿ ಕೂತು ಹೂಂ ಅನ್ನುತ್ತಾಳೆ. ನೆಟ್‌ವರ್ಕ್ ಸರಿ ಇಲ್ಲದಾಗ ಹೂಂ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೆ. ಮೊನ್ನೆ ನನ್ನ ಕಥೆಯ ಮುದುಕಿ ಬುತ್ತಿ ಹೊತ್ತು ಹಳ್ಳ ದಾಟುತ್ತಿದ್ದಳು, ದಂಡೆಯ ಮೇಲೆ ನರಿ ಕಾಯುತ್ತಿತ್ತು, ಅಷ್ಟರಲ್ಲಿ ಫೋನ್ ಕಟ್ಟಾಯಿತು. ಮರುದಿನ ಅಲ್ಲಿಂದಲೇ ಮುಂದುವರಿಸಿದೆ. ಮೊಬೈಲ್ ಇಲ್ಲದಿದ್ದರೆ ನನ್ನ ಕಥೆ ನನ್ನ ಜೊತೆಗೇ ಹೋಗುತ್ತಿತ್ತು. ಇದರಲ್ಲಿ ಪೀಡೆ ಎಲ್ಲಿದೆ, ಹೇಳಿ.

ನಿವೃತ್ತ ಶಿಕ್ಷಕಿ, ಗದಗ-ಬೆಟಗೇರಿ

ಸಂಪಾದಕರ ಉತ್ತರ:

ಅಕ್ಕೋರೇ, ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಆದರೆ ಸಾಲಿ ಕಲಿಸಿದವರನ್ನು ನಮ್ಮ ಕಡೆ ಅಕ್ಕೋರೇ ಎನ್ನದೆ ಇನ್ನೇನು ಅನ್ನುತ್ತಾರೆ?

ಆ ಸಂಪಾದಕೀಯಕ್ಕೆ ಹನ್ನೊಂದು ಪತ್ರ ಬಂದವು. ಹತ್ತು ಪತ್ರಗಳು ನನ್ನನ್ನು ಹೊಗಳಿದ್ದವು. ಆ ಹತ್ತೂ ವಾಟ್ಸಾಪ್‌ನಲ್ಲೇ ಬಂದವು. ಬೈದವರು ನೀವೊಬ್ಬರೇ, ಅದೂ ಅಂಚೆಯಲ್ಲಿ. ಇನ್‌ಲ್ಯಾಂಡ್ ಪತ್ರದ ಮೂರೂ ಮಗ್ಗುಲು ತುಂಬಿಸಿ, ಮಡಿಕೆಯ ಅಂಚಿನಲ್ಲೂ ಎರಡು ಸಾಲು ಬರೆದಿದ್ದೀರಿ. ಮೊಬೈಲಿನ ಪರವಾಗಿ ಇನ್‌ಲ್ಯಾಂಡ್ ಪತ್ರದಲ್ಲಿ ವಾದ ಮಾಡಿದವರು ಈ ಸೀಮೆಯಲ್ಲಿ ನೀವೇ ಮೊದಲಿಗರು ಇರಬೇಕು. ನಿಮ್ಮ ಅಕ್ಷರ ನೋಡಿಯೇ ನಾನು ಅರ್ಧ ಸೋತೆ.

ನೀವು ಹೇಳಿದ್ದರಲ್ಲಿ ಸತ್ಯವಿದೆ. ಬ್ಯಾಡಗಿ ಮೆಣಸಿನಕಾಯಿ ಬೆಳೆದವನು ಚೀಲ ಹೇರುವ ಮೊದಲೇ ಪೇಟೆಯ ದರ ನೋಡಿಕೊಳ್ಳುತ್ತಾನೆ. ನಡುರಾತ್ರಿ ಎದೆ ನೋವು ಬಂದರೆ 108ಕ್ಕೆ ಕರೆ ಹೋಗುತ್ತದೆ. ಗಿರಮಿಟ್ ಮಾರುವವನ ಗಾಡಿಯ ಮೇಲೂ ಕ್ಯೂಆರ್ ಕೋಡ್ ಇದೆ, ಚಿಲ್ಲರೆ ಜಗಳ ಮುಗಿದಿದೆ. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ ಮೊಬೈಲ್ ಇಲ್ಲದಿದ್ದರೆ ಎಷ್ಟು ಮಂದಿ ತಮ್ಮವರ ಮುಖವನ್ನೇ ನೋಡುತ್ತಿರಲಿಲ್ಲ. ಇದೆಲ್ಲ ಒಪ್ಪಿದೆ. ಈಗ ನನ್ನ ಮಾತು ಕೇಳಿ.

ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ಹಿಡಿದುಕೊಂಡಿತು. 'ಹೂಂ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೆ.' ಅಷ್ಟೆ ಅಂದುಬಿಟ್ಟಿರಲ್ಲ ಅಕ್ಕೋರೇ! ನನ್ನ ತಕರಾರು ಪೂರ್ತಿ ಇರುವುದು ಅಲ್ಲೇ.

ನಮ್ಮಜ್ಜಿ ಸವಣೂರು ಹತ್ತಿರದ ಹಳ್ಳಿಯವಳು. ಓದು ಬರಹ ಬಾರದು. ಕಥೆ ಮಾತ್ರ ನೂರಾರು ಬರುತ್ತಿದ್ದವು. ರಾತ್ರಿ ಕಂದೀಲು ಸಣ್ಣ ಮಾಡಿ ಕಥೆ ಶುರು ಮಾಡುವ ಮೊದಲು ಹೂಂ ಅನ್ನುವವರು ಯಾರು ಎಂದು ಗೊತ್ತು ಮಾಡುತ್ತಿದ್ದಳು. ಅದು ಒಂದು ಕೆಲಸ. ನಿದ್ದೆ ಬಾರದವನಿಗೇ ಅದು ಸಿಗುತ್ತಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. 'ಹೂಂ ಅನ್ರೋ, ಇಲ್ಲಾಂದ್ರ ಕಥಿ ಮಕ್ಕೊಂತೈತಿ' ಅನ್ನುತ್ತಿದ್ದಳು. ಅವಳಿಗೆ ನಮ್ಮ ಮೇಲೆ ಅನುಮಾನವೂ ಇತ್ತು. ನಡುವೆ ದನಿ ಬದಲಿಸದೆ, 'ಆವಾಗ ರಾಜಾ ಕತ್ತಿ ಬಾಲಾ ಹುರಕೊಂಡು ತಿಂದ' ಎಂದುಬಿಡುತ್ತಿದ್ದಳು. ರಾಜ ಕತ್ತೆಯ ಬಾಲ ತಿಂದ ಅಂದರೂ ಹೂಂ ಅಂದವನ ತಲೆಗೆ ಒಂದು ಮೊಟಕು. ಅರೆನಿದ್ದೆಯಲ್ಲಿ ಅಂಥ ಮೊಟಕು ನಾನೂ ತಿಂದಿದ್ದೇನೆ.

ಹೋದ ತಿಂಗಳು ಮನೆಯಲ್ಲಿ ಅಜ್ಜಿಯ ಪರೀಕ್ಷೆ ಮಾಡಿದೆ. ತಂಗಿಯ ಮಗ ಬಂದಿದ್ದ. ಒಳ್ಳೆಯ ಹುಡುಗ, ಎಂಜಿನಿಯರ್. ನಾನು ಮಾತಾಡುತ್ತಿದ್ದೆ, ಅವನು ಮೊಬೈಲಿನಲ್ಲಿ ಹೆಬ್ಬೆರಳು ಆಡಿಸುತ್ತ ಹೂಂ ಹೂಂ ಎನ್ನುತ್ತಿದ್ದ. 'ಹಿತ್ತಲಿನ ಮಾವಿನ ಗಿಡಕ್ಕ ಈ ಸಲ ಬದನಿಕಾಯಿ ಭಾಳ ಬಿಟ್ಟಾವ' ಎಂದೆ. 'ಹೂಂ ಮಾಮಾ, ಚಲೋ ಆತಲ್ಲ' ಎಂದ. ಮೊಟಕಲಿಲ್ಲ. ಈಗಿನವರಿಗೆ ಮೊಟಕಬಾರದು. ನನ್ನ ಹೆಂಡತಿ ಒಳಗಿನಿಂದ, 'ನೀವೇನು ಕಡಿಮಿ? ಮುಂಜಾನಿ ಚಾ ಆರೇತಿ ಅಂತ ಮೂರು ಸಲ ಹೇಳಿದ್ನಿ, ಮೂರೂ ಸಲ ಹೂಂ ಅಂದ್ರಿ' ಎಂದಳು. ಆ ಮಾತನ್ನು ಇಲ್ಲಿಗೆ ಬಿಡೋಣ.

ಹಿಂದೆ ಹೀಗಿರಲಿಲ್ಲ ಅನ್ನುವುದಕ್ಕೆ ನನ್ನ ಬಳಿ ಸಾಕ್ಷಿ ಇದೆ. ಭಾರತದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖರಾಂ ಅವರಿಗೆ ಮಾಡಿದರು. ಆಗ ಕರೆ ಮಾಡಿದವನೂ ದುಡ್ಡು ಕೊಡಬೇಕು, ಕರೆ ಬಂದವನೂ ಕೊಡಬೇಕು. 2003ರ ಮೇ ತಿಂಗಳವರೆಗೆ ಇದೇ ನಡೆಯಿತು. ಅಂದರೆ ಕೇಳಿಸಿಕೊಂಡದ್ದಕ್ಕೂ ಬಿಲ್! ನಮ್ಮ ಪತ್ರಿಕೆಗೆ ಕಾಗದ ಕೊಡುತ್ತಿದ್ದ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರ ಬಳಿ ಆಗಲೇ ಒಂದು ಮೊಬೈಲ್ ಇತ್ತು. ಅದು ಬಾರಿಸಿದರೆ ಅಂಗಡಿಯವರೆಲ್ಲ ಸುಮ್ಮನಾಗುತ್ತಿದ್ದರು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳುತ್ತಿದ್ದರು. ಕೊನೆಗೆ ಒಂದೇ ಮಾತು, 'ಆತು'. ಎಷ್ಟು ರೀಮು, ಯಾವ ಲಾರಿ, ಯಾವಾಗ, ಎಲ್ಲ ತಲೆಯಲ್ಲಿ ಕೂತಿರುತ್ತಿತ್ತು. ಕಿವಿಗೆ ದುಡ್ಡು ಬೀಳುವಾಗ ಕಿವಿ ಚುರುಕಾಗಿತ್ತು. ಈಗ ಕೇಳುವುದು ಪುಕ್ಕಟೆ. ಅದೇ ವ್ಯಾಪಾರಿ ಈಗ ಹೆಡ್‌ಫೋನ್ ಸಿಗಿಸಿಕೊಂಡು ಇಬ್ಬರ ಜೊತೆ ಒಮ್ಮೆಗೇ ಮಾತಾಡುತ್ತಾರೆ. ಮೊನ್ನೆ ಎರಡು ರೀಮು ಕಡಿಮೆ ಬಂತು.

ಈಗ ನಿಮ್ಮ ತಡವಾದ ಹೂಂ ವಿಷಯ. ಮೊಮ್ಮಗಳ ದನಿ ನಿಮಗೆ ನೆಟ್ಟಗೆ ಬರುವುದಿಲ್ಲ. ಫೋನು ಅದನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತದೆ. ತುಂಡುಗಳು ಟವರ್, ಕೇಬಲ್ ದಾಟಿ ಬಂದು ನಿಮ್ಮ ಫೋನಿನಲ್ಲಿ ಮತ್ತೆ ಸಾಲಾಗಿ ಕೂಡಬೇಕು. ಹಿಂದೆ ಬಿದ್ದ ತುಂಡಿಗಾಗಿ ಫೋನು ಒಂದಿಷ್ಟು ಕಾಯುತ್ತದೆ. ಅದಕ್ಕೇ ತಡ. ಇನ್ನೊಂದು ವಿಷಯ ಇನ್ನೂ ಕೆಟ್ಟದ್ದು. ಸ್ಪೀಕರ್ ಹಾಕಿ ಮಾತಾಡುವಾಗ ನಮ್ಮದೇ ದನಿ ತಿರುಗಿ ನಮಗೆ ಕೇಳಬಾರದು ಎಂದು ಫೋನಿನೊಳಗೆ ಒಂದು ಏರ್ಪಾಡು ಇರುತ್ತದೆ. ಇಬ್ಬರೂ ಒಟ್ಟಿಗೆ ದನಿ ತೆಗೆದರೆ ಅದು ಎಷ್ಟೋ ಸಲ ಸಣ್ಣ ದನಿಯನ್ನು ಅದುಮಿಬಿಡುತ್ತದೆ. ನೀವು ಹಳ್ಳದ ಸೆಳವು ಹೇಳುತ್ತಿದ್ದೀರಿ, ಮಗು ನಡುವೆ ಮೆಲ್ಲಗೆ ಹೂಂ ಅಂದಿದೆ. ಯಂತ್ರಕ್ಕೆ ಅದು ಮಾತಲ್ಲ, ಕಸ. ಗುಡಿಸಿ ಹಾಕುತ್ತದೆ. ನಿಮಗೆ ಕೇಳದೆ ಹೋದ ಹೂಂ ಎಷ್ಟೋ!

ನನ್ನ ಪರಿಚಯದ ಸಂಗೀತ ಮಾಸ್ತರರೊಬ್ಬರು ಧಾರವಾಡದಲ್ಲಿದ್ದಾರೆ. ಕೊರೊನಾ ಕಾಲದಲ್ಲಿ ಅವರೂ ಮೊಬೈಲಿನಲ್ಲೇ ಪಾಠ ಶುರು ಮಾಡಿದರು. ಮೊದಲ ದಿನವೇ ಶಿಷ್ಯೆ ಅಂದಳಂತೆ, 'ಸರ್, ತಂಬೂರಿ ಬಂದ್ ಮಾಡೀರೇನು?' ತಂಬೂರಿ ಮಾಸ್ತರರ ಮಗ್ಗುಲಲ್ಲೇ ನುಡಿಯುತ್ತಿತ್ತು. ಗದ್ದಲ ತೆಗೆಯುವ ಸಾಫ್ಟ್‌ವೇರ್‌ಗೆ ಒಂದೇ ಸಮನೆ ಗುಂಯ್‌ಗುಡುವ ತಂಬೂರಿ ಮತ್ತು ಫ್ಯಾನಿನ ಸದ್ದು ಎರಡೂ ಒಂದೇ. ಅದನ್ನು ಸರಿಮಾಡುವ ಸೆಟ್ಟಿಂಗ್ ಇದೆಯಂತೆ, ಆಮೇಲೆ ಹುಡುಕಿಕೊಂಡರು. ಆದರೆ ಗುರು-ಶಿಷ್ಯರು ಕೂಡಿ ಹಾಡಲು ಮಾತ್ರ ಕೊನೆಯವರೆಗೂ ಆಗಲಿಲ್ಲ. ಇವರ ಸಮ, ಅಂದರೆ ತಾಳದ ಮೊದಲ ಪೆಟ್ಟು, ಬಂದು ಹೋದ ಮೇಲೆ ಅವಳ ಸಮ ಬರುತ್ತಿತ್ತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಗುರು ಸವಾಯಿ ಗಂಧರ್ವರ ಮುಂದೆ ಕೂತು ಹಾಡು ಕಲಿತರು. ಆ ರೈಲಿನ ಟಿಕೆಟ್ ಬರೀ ಹಾಡಿಗಲ್ಲ, ಕೂತು ಕೇಳುವುದಕ್ಕೆ ಎಂದು ನಾನು ತಿಳಿದಿದ್ದೇನೆ.

ಯಂತ್ರ ಎಂದರೇ ನನಗೆ ಆಗುವುದಿಲ್ಲ ಅಂದುಕೊಳ್ಳಬೇಡಿ. ನಿಮ್ಮ ಗದಗಿನ ಹುಡುಗ ಭೀಮಸೇನ ಜೋಶಿಯನ್ನೇ ನೋಡಿ. ಅಂಗಡಿಯಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಠುಮ್ರಿಯ ರೆಕಾರ್ಡು ಕೇಳಿ ಹುಚ್ಚು ಹತ್ತಿಸಿಕೊಂಡ. ಆ ಕಾಲದ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು 3 ನಿಮಿಷದ ಹಾಡು. ಅಷ್ಟು ಸಾಕಾಯಿತು, 1933ರಲ್ಲಿ ಹನ್ನೊಂದರ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಅದಕ್ಕೂ ಮೊದಲು ಮೆರವಣಿಗೆಯ ವಾದ್ಯದ ಹಿಂದೆ ಹೋಗಿ, ದಣಿದು ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದನಂತೆ. ಹುಡುಕಿ ಬೇಸತ್ತ ತಂದೆ ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದರು. ಕಂಡವರು ಓದಿ ಮನೆಗೆ ತಂದು ಬಿಡುತ್ತಿದ್ದರು. ಈಗಿನ ಜಿಪಿಎಸ್‌ಗಿಂತ ಅದು ಕಡಿಮೆ ಏನಿಲ್ಲ, ಚಾರ್ಜೂ ಬೇಡ. ಅಂಗಡಿಯ ಗ್ರಾಮಫೋನೂ ಯಂತ್ರವೇ. ಆದರೆ ಅದು ಒಂದೇ ಹಾಡು ಹಾಡುತ್ತಿತ್ತು, ಹುಡುಗನ ಕಿವಿಯೂ ಒಂದೇ ಕಡೆ ಇತ್ತು. ಆ ಹುಡುಗನ ಕೈಯಲ್ಲಿ ಇಂದಿನ ಮೊಬೈಲ್ ಇದ್ದಿದ್ದರೆ 30 ಸೆಕೆಂಡಿಗೆ ಮುಂದಿನದಕ್ಕೆ ತಳ್ಳಿಬಿಡುತ್ತಿದ್ದನೋ ಏನೋ.

ಈಗಿನ ಕಛೇರಿಗೆ ಬನ್ನಿ. ಧಾರವಾಡದಲ್ಲೇ ಮೊನ್ನೆ ಕೂತಿದ್ದೆ. ನಿಧಾನ ಲಯದ ವಿಲಂಬಿತ ಖಯಾಲು ಆಗಷ್ಟೇ ಬಿಚ್ಚಿಕೊಳ್ಳುತ್ತಿತ್ತು. ನನ್ನ ಮುಂದೆ ಹದಿನಾಲ್ಕು ಮೊಬೈಲುಗಳು ಮೇಲೆದ್ದವು, ಎಣಿಸಿದೆ. ಹಾಡುವವರು ನನಗೆ ಕಂಡದ್ದು ಮುಂದಿನವನ ಪರದೆಯಲ್ಲಿ, ಬೆರಳುದ್ದ. ರೆಕಾರ್ಡ್ ಮಾಡುವವನ ಗಮನ ಕೈ ಅಲುಗದಂತೆ ನೋಡಿಕೊಳ್ಳುವುದರಲ್ಲೇ ಇರುತ್ತದೆ. ಎರಡೂ ಕೈಗೆ ಕೆಲಸ, ಇನ್ನು ತಾಳ ಎಲ್ಲಿ ಹಾಕಲಿ? ಬಾಯಲ್ಲಿ ಆಹಾ ಇಲ್ಲ, ಅಂದರೆ ರೆಕಾರ್ಡಿಂಗ್ ಕೆಡುತ್ತದಲ್ಲ. ಧಾರವಾಡದ ಕೇಳುಗರ ಆಹಾ ಎಂದರೆ ಹಾಡುವವರಿಗೆ ನಮ್ಮಜ್ಜಿಗೆ ಬೇಕಿದ್ದ ಹೂಂ ಇದ್ದ ಹಾಗೆ. ಅದೇ ಇಲ್ಲದ ಮೇಲೆ ಗವಾಯಿಗಳು ಯಾರಿಗೆ ಹಾಡಬೇಕು, ಹದಿನಾಲ್ಕು ಕ್ಯಾಮೆರಾಗಳಿಗೋ?

ಇನ್ನು ನನ್ನ ಸ್ವಂತ ಗೋಳು. ಮೊದಲು ಲೇಖಕರು ಲೇಖನ ಕಳಿಸುತ್ತಿದ್ದರು. ಈಗ ಎಂಟು ನಿಮಿಷದ ವಾಯ್ಸ್ ಮೆಸೇಜ್ ಬರುತ್ತದೆ, 'ಸರ್, ಹಿಂಗೊಂದು ಬರೀಬೇಕು ಅಂತೀನಿ' ಎಂದು. ಅದನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಗುಂಡಿಯೂ ಇದೆ. ನಮ್ಮ ಕಚೇರಿಯ ಹುಡುಗ ಎಲ್ಲವನ್ನೂ ಎರಡು ಪಟ್ಟು ಓಡಿಸಿಯೇ ಕೇಳುತ್ತಾನೆ. ಧಾರವಾಡದ ನಿಧಾನದ ಮಾತು ಅದರಲ್ಲಿ ರೈಲು ಹಿಡಿಯಲು ಓಡುವವನ ಮಾತಿನಂತೆ ಕೇಳುತ್ತದೆ. ಆಕಾಶವಾಣಿ ಧಾರವಾಡ ಶುರುವಾದದ್ದು 1950ರಲ್ಲಿ. ರೇಡಿಯೋದವರು ಹೇಳಿದಷ್ಟು, ಹೇಳಿದ ವೇಗದಲ್ಲೇ ಕೇಳಿ ಬೆಳೆದವರು ನಾವು. ಯಾರಿಗೂ ಹೊತ್ತು ಸಾಲದೆ ಹೋಗಲಿಲ್ಲ.

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟರೆ ಕಿಟಕಿ ಮುಚ್ಚಿರುತ್ತದೆ, ಎಸಿ. ಒಳಗೆ ಮೂವರು ಮೂರು ರೀಲ್ಸ್ ಜೋರಾಗಿ ಹಾಕಿರುತ್ತಾರೆ. ಉಣಕಲ್ ಕೆರೆ ಬರುವ ಹೊತ್ತಿಗೆ ನನ್ನ ತಲೆ ಜಾತ್ರೆಯಾಗಿರುತ್ತದೆ. ಸಭೆಗೆ ಹೋದರೆ ವೇದಿಕೆಯ ಮೇಲಿನ ಅತಿಥಿಗಳೇ ಮೊಬೈಲ್ ಒರೆಸುತ್ತ ಕೂತಿರುತ್ತಾರೆ, ಭಾಷಣ ಕೇಳಲು ಮಾತ್ರ ನಾವು ಬೇಕು. ಸಾವಿನ ಸುದ್ದಿ ಗ್ರೂಪಿಗೆ ಬಂದರೆ ನೂರು ಕೈಮುಗಿದ ಚಿತ್ರ. ಮೊದಲು ಹೋಗಿ ಚಾಪೆಯ ಮೇಲೆ ಸುಮ್ನೆ ಕೂತು, ಅವರು ಹೇಳಿದ್ದೇ ಹೇಳಿದಾಗ ಹೂಂ ಅನ್ನುತ್ತಿದ್ದೆವು. ಸತ್ತವರ ಮನೆಯಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇರಲಿಲ್ಲ. ಅದೂ ಈಗ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ.

ಎಲ್ಲಿಂದ ಎಲ್ಲಿಗೋ ಬಂದೆ. ನಿಮ್ಮ ಕಡೆಗೆ ಸಾಕ್ಷಿ ಹೇಳುವ ಒಂದು ಸಂಗತಿ ಇದೆ, ಮುಚ್ಚಿಡಬಾರದು. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರಿನ ಆ ಪ್ಲಾಟ್‌ಫಾರ್ಮಿನಲ್ಲಿ ಹೋದ ವಾರ ರೈಲಿಗೆ ಕಾಯುತ್ತಿದ್ದೆ. ಕಣ್ಣಿಗೆ ಕಂಡಷ್ಟು ದೂರ ತಗ್ಗಿದ ತಲೆಗಳೇ. ಒಬ್ಬ ಹುಡುಗ ಮಾತ್ರ ಮೊಬೈಲನ್ನು ಚೀಲಕ್ಕೆ ಆನಿಸಿ ನಿಲ್ಲಿಸಿ, ಅದರ ಮುಂದೆ ಎರಡೂ ಕೈಯಿಂದ ಸನ್ನೆ ಮಾಡುತ್ತಿದ್ದ. ಕಿವಿ ಕೇಳದ ಹುಡುಗ. ಪರದೆಯಲ್ಲಿದ್ದ ಗೆಳೆಯನೂ ಕೈಯಲ್ಲೇ ಉತ್ತರ ಕೊಡುತ್ತಿದ್ದ. ನೋಡುತ್ತ ನಿಂತುಬಿಟ್ಟೆ. ಒಂದು ಕ್ಷಣವೂ ಕಣ್ಣು ಆಚೆ ಈಚೆ ಹೋಗಲಿಲ್ಲ. ಹೋದರೆ ಮಾತೇ ತಪ್ಪಿಹೋಗುತ್ತದಲ್ಲ. ಹಳೆಯ ಫೋನು ಅವರಿಗೆ ಏನೂ ಕೊಟ್ಟಿರಲಿಲ್ಲ, ಇದು ಕೊಟ್ಟಿದೆ. ಆ ಇಡೀ ಪ್ಲಾಟ್‌ಫಾರ್ಮಿನಲ್ಲಿ ಸರಿಯಾಗಿ ಕೇಳಿಸಿಕೊಳ್ಳುತ್ತಿದ್ದವರು ಅವರಿಬ್ಬರೇ ಅನ್ನಿಸಿತು.

ಆದ್ದರಿಂದ ರಾತ್ರಿ ಒಂಬತ್ತರ ಕಥೆ ನಿಲ್ಲಿಸಬೇಡಿ. ಮೊಮ್ಮಗಳ ಮೇಲೆ ಒಮ್ಮೆ ಕತ್ತೆ ಬಾಲದ ಪರೀಕ್ಷೆ ಮಾಡಿ ನೋಡಿ. ಪಾಸಾದರೆ ನನಗೊಂದು ಕಾರ್ಡು ಹಾಕಿ, 'ಪೀಡೆ' ಎಂಬ ಮಾತು ವಾಪಸು ತೆಗೆದುಕೊಳ್ಳುತ್ತೇನೆ. ಬೇಸಿಗೆ ರಜೆಗೆ ಮಗುವನ್ನು ಗದಗಿಗೆ ಕರೆಸಿ, ಒಂದು ರಾತ್ರಿಯಾದರೂ ಮಗ್ಗುಲಲ್ಲಿ ಮಲಗಿಸಿಕೊಂಡು ಕಥೆ ಹೇಳಿ. ಆ ಹೂಂ ಹೇಗಿತ್ತು ಎಂದು ಅದೇ ಕಾರ್ಡಿನಲ್ಲಿ ಬರೆಯಿರಿ.

ಮತ್ತೆ ಒಂದು ತಕರಾರು ಉಳಿದಿದೆ. ಮರುದಿನ ಕಥೆ ಮುಂದುವರಿಸಿದೆ ಎಂದು ಬರೆದು ನನ್ನನ್ನು ಮಾತ್ರ ಹಳ್ಳದ ನಡುವೆ ಬಿಟ್ಟಿದ್ದೀರಿ. ದಂಡೆಯ ಮೇಲೆ ನರಿ, ನೀರಿನಲ್ಲಿ ಮುದುಕಿ, ತಲೆಯ ಮೇಲೆ ಬುತ್ತಿ. ಹೂಂ ಅಕ್ಕೋರೇ, ಮುಂದೇನಾತು?